ಬಾಡಿಗೆ ಮನೆ, ಬಾಡಿಗೆದಾರರ ನಾಯಿ ಮತ್ತು ನಾವು

(ಮಹಿಳಾ ವಿಭಾಗದ ಹಳದಿ ಕುಂಕುಮ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಹದಿನೈದು ದಿನದ ಹಿಂದೆ ನಮ್ಮ ಕಾರ್ಯದರ್ಶಿ ಫೋನ್ ಮಾಡಿ, "ಅಕ್ಕಾ, ಈ ಸಲ ಆರೋಗ್ಯ, ಅಡುಗೆ ಬೇಡ. ಮನೆ ಬಾಡಿಗೆಗೆ ಕೊಡುವ ವಿಷಯದಲ್ಲಿ ಮಾತಾಡಿ. ನಮ್ಮಲ್ಲಿ ಎಷ್ಟೋ ಜನರಿಗೆ ಅದೇ ಪೆನ್ಶನ್" ಎಂದರು. ನಿಜವೇ. ನಮ್ಮ ತಲೆಮಾರಿನವರು ಊರಿಂದ ಬಂದು ಚಾಳಿನ ಒಂದು ಖೋಲಿಯಲ್ಲಿ ಎಂಟು ಜನ ಮಲಗಿದವರು. ಹೋಟೆಲಿನಲ್ಲೋ ಬ್ಯಾಂಕಿನಲ್ಲೋ ದುಡಿದು, ಚಿನ್ನ ಅಡವಿಟ್ಟು, ದಹಿಸರ್, ಮೀರಾರೋಡ್, ಡೊಂಬಿವಲಿಯಲ್ಲಿ ಒಂದು ಸಣ್ಣ ಫ್ಲ್ಯಾಟ್ ಮಾಡಿಟ್ಟೆವು. ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋದರು. ಈಗ ಆ ಫ್ಲ್ಯಾಟಿನ ಬಾಡಿಗೆಯಲ್ಲಿ ಔಷಧಿ, ಮೇಂಟೆನೆನ್ಸ್, ಊರಿಗೆ ಹೋಗಿಬರುವ ಖರ್ಚು ಎಲ್ಲ ಆಗಬೇಕು. ಗಂಡ ತೀರಿಹೋದ ಮೇಲೆ ಆ ಫ್ಲ್ಯಾಟಿನ ವ್ಯವಹಾರ ನೋಡುತ್ತಿರುವ ಹೆಂಗಸರು ಈ ಸಭೆಯಲ್ಲೇ ಹತ್ತು ಜನರಾದರೂ ಇದ್ದೀರಿ. ನಾನೂ ಅವರಲ್ಲಿ ಒಬ್ಬಳು.

ಬಾಡಿಗೆಯ ವಿಷಯ ಸಮುದ್ರದಷ್ಟಿದೆ. ನಾನು ಒಂದೇ ಮೂಲೆ ಹಿಡಿದುಕೊಂಡಿದ್ದೇನೆ: ಬಾಡಿಗೆಗೆ ಬರುವವರು ಕರೆದುಕೊಂಡು ಬರುವ ನಾಯಿ. ಯಾರೋ ನಕ್ಕರು. ನಗಿ. ಮೊದಲು ನಾನೂ ನಕ್ಕವಳೇ.

ಊರಲ್ಲಿ ನಮ್ಮ ಮನೆಯಲ್ಲಿ ನಾಯಿ ಇಲ್ಲದ ದಿನವೇ ಇರಲಿಲ್ಲ. ಹೆಸರು ಯಾವಾಗಲೂ ಟೈಗರ್. ಒಂದು ಟೈಗರ್ ಹೋದರೆ ಇನ್ನೊಂದು ಟೈಗರ್. ಅಂಗಳ ದಾಟಿ ಒಳಗೆ ಬರುವಂತಿಲ್ಲ, ಉಳಿದ ಗಂಜಿ, ಮೀನಿನ ಮುಳ್ಳು ತಿಂದು ತೋಟ ಕಾಯುವುದು. ಅದಕ್ಕೆ ಕರಾರೂ ಇಲ್ಲ, ಡಿಪಾಸಿಟೂ ಇಲ್ಲ. ಮುಂಬಯಿಯಲ್ಲಿ ಅಂಗಳವೇ ಇಲ್ಲವಲ್ಲ, ಹಾಗಾಗಿ ನಾಯಿ ಹಾಲ್‌ಗೆ ಬಂತು, ಸೋಫಾದ ಮೇಲೆ ಹತ್ತಿತು. ನಮ್ಮ ವಯಸ್ಸಿನವರಿಗೆ ಅದು ಕಣ್ಣಿಗೆ ಕಟುವಾಗಿ ಕಾಣುವುದು ಸಹಜ.

ನನ್ನ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. 2016ರಲ್ಲಿ ದಹಿಸರ್‌ನ ಫ್ಲ್ಯಾಟನ್ನು ಒಂದು ಹೊಸ ಜೋಡಿಗೆ ಕೊಟ್ಟೆ. ಇಬ್ಬರೂ ಕೆಲಸಕ್ಕೆ ಹೋಗುವವರು, ಒಳ್ಳೆಯ ಮಕ್ಕಳು. ನಾನು ಕೇಳಿದ್ದು ಮೂರೇ ಪ್ರಶ್ನೆ: ಎಲ್ಲಿ ಕೆಲಸ, ಸಂಬಳ ಎಷ್ಟು, ಊರು ಯಾವುದು. ನಾಯಿ ಉಂಟಾ ಅಂತ ಕೇಳಲಿಲ್ಲ, ಅವರೂ ಹೇಳಲಿಲ್ಲ. ಏಜೆಂಟ್ ಒಂದು ಸ್ಟ್ಯಾಂಪ್ ಪೇಪರಿನಲ್ಲಿ ಹನ್ನೊಂದು ತಿಂಗಳ ಕರಾರು ಬರೆದು ತಂದ, ಸಹಿ ಹಾಕಿದೆ. ಹನ್ನೊಂದು ತಿಂಗಳಾದರೆ ನೋಂದಣಿ ಬೇಡ ಎಂದ. ನಾನೂ ಹಾಗೆಯೇ ನಂಬಿದ್ದೆ. ಈ ಸುಳ್ಳಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎರಡು ತಿಂಗಳಾದ ಮೇಲೆ ಸೊಸೈಟಿಯಿಂದ ಫೋನ್. "ಮೇಡಮ್, ನಿಮ್ಮ ಬಾಡಿಗೆದಾರರು ನಾಯಿ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ಅದಕ್ಕೆ ಅನುಮತಿ ಇಲ್ಲ." ನನಗೆ ಮರ್ಯಾದೆ ಹೋದಂತಾಯಿತು. ಕೂಡಲೇ ಆ ಹುಡುಗಿಗೆ ಫೋನ್ ಮಾಡಿ, ಹದಿನೈದು ದಿನದಲ್ಲಿ ನಾಯಿ ಹೋಗಬೇಕು, ಇಲ್ಲದಿದ್ದರೆ ನೀವು ಹೋಗಬೇಕು ಎಂದೆ. ಅವಳು ಆಗ ಐದು ತಿಂಗಳ ಗರ್ಭಿಣಿ. ನಡುಮಳೆಗಾಲದಲ್ಲಿ ಇನ್ನೊಂದು ಮನೆ ಎಲ್ಲಿ ಹುಡುಕುವುದು? ಹತ್ತು ದಿನದಲ್ಲಿ "ಆಂಟಿ, ನಾಯಿ ಇಲ್ಲ" ಎಂದು ಮೆಸೇಜ್ ಬಂತು. ನಾನು ಸಮಾಧಾನದಿಂದ ಚಹಾ ಕುಡಿದೆ. ನಾಯಿ ಎಲ್ಲಿಗೆ ಹೋಯಿತು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ಬುದ್ಧಿ ಬರಿಸಿದ್ದು ವಾಚ್‌ಮನ್. ಆ ವರ್ಷ ದೀಪಾವಳಿಗೆ ಅವನಿಗೆ ಬಕ್ಷೀಸು ಕೊಡಲು ಹೋದಾಗ ಹೇಳಿದ. ಆ ಹುಡುಗ ರಾತ್ರಿ ರಿಕ್ಷಾದಲ್ಲಿ ಚೆಕ್ ನಾಕಾ ದಾಟಿ ಕಾಶೀಮೀರಾ ಹತ್ತಿರ ನಾಯಿಯನ್ನು ಇಳಿಸಿ ಬಂದನಂತೆ. ನಾಲ್ಕನೆಯ ದಿನ ಅದು ಗೇಟಿನ ಮುಂದೆ ಬಂದು ನಿಂತಿತು. ಹೈವೇ ದಾಟಿ, ಮಳೆಯಲ್ಲಿ, ಒಂದು ಕಾಲು ಎತ್ತಿ ಹಿಡಿದುಕೊಂಡು. ವಾಚ್‌ಮನ್ ಪಾವ್ ಹಾಕಿದ. ಮೇಲಿನಿಂದ ಹುಡುಗಿ ಕಿಟಕಿಯಲ್ಲಿ ನೋಡಿ ಅತ್ತಳಂತೆ, ಕೆಳಗೆ ಬರಲಿಲ್ಲ. ಬಂದರೆ ಮನೆ ಹೋಗುತ್ತದೆ ಎಂಬ ಭಯ. ಎರಡು ದಿನ ಗೇಟಿನಲ್ಲೇ ಇತ್ತು. ಆಮೇಲೆ ಕಾಣಲಿಲ್ಲ.

ಆ ಜೋಡಿ ಕರಾರು ಮುಗಿದ ದಿನವೇ ಬಿಟ್ಟು ಹೋದರು. ಕೀಲಿ ಕೊಡುವಾಗ ಆ ಹುಡುಗಿ ನನ್ನ ಮುಖ ನೋಡಲಿಲ್ಲ. ತೊಡೆಯ ಮೇಲೆ ಮಗು ಇತ್ತು.

ಸರಿ. ಈಗ ಕಾನೂನಿನ ಮಾತಿಗೆ ಬರೋಣ, ಏಕೆಂದರೆ ಆಗ ನನಗೆ ಗೊತ್ತಿಲ್ಲದ ಎಲ್ಲವೂ ಅಲ್ಲೇ ಇತ್ತು.

ಮೊದಲನೆಯದು, ಸೊಸೈಟಿಯವರು "ಅನುಮತಿ ಇಲ್ಲ" ಎಂದದ್ದು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಫೆಬ್ರುವರಿ 26ರಂದು ಒಂದು ಮಾರ್ಗಸೂಚಿ ಹೊರಡಿಸಿದೆ. ಸಾಕುನಾಯಿ ಇಟ್ಟುಕೊಳ್ಳುವುದನ್ನು ಸೊಸೈಟಿಗಳು ನಿಷೇಧಿಸುವಂತಿಲ್ಲ, ಬಹುಮತದ ಠರಾವು ಮಾಡಿದರೂ ಆಗದು. ಲಿಫ್ಟ್ ಹತ್ತಬಾರದು ಎನ್ನುವಂತಿಲ್ಲ, ಲಿಫ್ಟಿಗೆಂದು ಬೇರೆ ಶುಲ್ಕ ಹಾಕುವಂತಿಲ್ಲ ಎಂದು ಅದರಲ್ಲಿ ಇದೆ. ನಾಯಿ ಸಾಕುವವರಿಗೂ ಬುದ್ಧಿ ಹೇಳಿದೆ: ಲಸಿಕೆ ಹಾಕಿಸಿ, ಸ್ವಚ್ಛವಾಗಿಡಿ, ಹೊರಗೆ ಮಲ ಮಾಡಿದರೆ ಎತ್ತಿ, ಎಡೆಬಿಡದೆ ಬೊಗಳದಂತೆ ನೋಡಿಕೊಳ್ಳಿ. 2021ರಲ್ಲಿ ಕೇರಳ ಹೈಕೋರ್ಟ್ ಕೂಡ ನಿವಾಸಿಗಳ ಸಂಘದ ಬೈಲಾದಲ್ಲಿ ಸಾಕುಪ್ರಾಣಿಗಳನ್ನು ಪೂರ್ತಿ ನಿಷೇಧಿಸುವುದು ಸರಿಯಲ್ಲ ಎಂದು ತೀರ್ಪು ಕೊಟ್ಟಿತು.

ಆದರೆ ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಸೊಸೈಟಿ ಬೇರೆ, ಮನೆಯ ಮಾಲಕಿ ಬೇರೆ. ನನ್ನ ಫ್ಲ್ಯಾಟನ್ನು ಯಾವ ಶರತ್ತಿನ ಮೇಲೆ ಕೊಡುತ್ತೇನೆ ಎಂದು ನಾನು ಕರಾರಿನಲ್ಲಿ ಬರೆಯಬಹುದು. ನಾಯಿ ಇರುವವರಿಗೆ ಕೊಡಲೇಬೇಕು ಎಂದು ನಮ್ಮಲ್ಲಿ ಕಾನೂನು ಇಲ್ಲ. ಇಂಗ್ಲೆಂಡಿನಲ್ಲಿ 2025ರಲ್ಲಿ ಬಾಡಿಗೆದಾರರ ಹಕ್ಕುಗಳ ಹೊಸ ಕಾನೂನು ಆಗಿದೆ, ಅದರ ಪ್ರಕಾರ ಬಾಡಿಗೆದಾರ ಸಾಕುಪ್ರಾಣಿ ಇಟ್ಟುಕೊಳ್ಳುತ್ತೇನೆ ಎಂದು ಕೇಳಿದರೆ ಮಾಲೀಕ ಸರಿಯಾದ ಕಾರಣವಿಲ್ಲದೆ ಬೇಡ ಎನ್ನುವಂತಿಲ್ಲ. ಇಲ್ಲಿ ಹಾಗಿಲ್ಲ. ನಿಮಗೆ ಬೇಡವಾದರೆ ಬೇಡ ಎನ್ನಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಕೀಲಿ ಕೊಡುವ ಮೊದಲು ಹೇಳಿ, ಬರೆದು ಹೇಳಿ. ನಾನು ಮಾಡಿದಂತೆ ಎರಡು ತಿಂಗಳಾದ ಮೇಲೆ ಅಲ್ಲ.

ಎರಡನೆಯದು, ಆ ಹನ್ನೊಂದು ತಿಂಗಳ ಸುಳ್ಳು. ಒಂದು ವರ್ಷಕ್ಕಿಂತ ಕಡಿಮೆಯಾದರೆ ನೋಂದಣಿ ಬೇಡ ಎಂಬುದು ದೇಶದ ಬೇರೆ ಕಡೆ ನಡೆಯುವ ಮಾತು. ಮಹಾರಾಷ್ಟ್ರದಲ್ಲಿ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೆಯ ಕಲಮು ಉಂಟು. ಲೀವ್ ಅಂಡ್ ಲೈಸೆನ್ಸ್ ಕರಾರು ಎಷ್ಟೇ ತಿಂಗಳದ್ದಾಗಲಿ ಬರಹದಲ್ಲಿರಬೇಕು, ನೋಂದಣಿಯಾಗಬೇಕು, ಅದನ್ನು ಮಾಡಿಸುವ ಹೊಣೆ ಮಾಲೀಕರದ್ದು. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು: ನೋಂದಣಿಯಾದ ಕರಾರು ಇಲ್ಲದಿದ್ದರೆ, ಯಾವ ಶರತ್ತಿನ ಮೇಲೆ ಮನೆ ಕೊಟ್ಟದ್ದು ಎಂಬುದರಲ್ಲಿ ಬಾಡಿಗೆದಾರ ಹೇಳಿದ್ದೇ ಸರಿ ಎಂದು ಹಿಡಿಯುತ್ತಾರೆ, ಸುಳ್ಳೆಂದು ನೀವು ರುಜುವಾತು ಮಾಡುವ ತನಕ. "ನಾಯಿ ಬೇಡ ಅಂತ ನಾನು ಬಾಯಲ್ಲಿ ಹೇಳಿದ್ದೆ" ಎಂದು ನಾವು ಕೂಗಿದರೆ ಏನೂ ಆಗುವುದಿಲ್ಲ. ಬಾಡಿಗೆದಾರ "ನಾಯಿಗೆ ಒಪ್ಪಿದ್ದರು" ಎಂದರೆ ಮುಗಿಯಿತು.

ಖರ್ಚಿನ ಭಯಕ್ಕೆ ಎಷ್ಟೋ ಜನ ನೋಂದಣಿ ಬಿಡುತ್ತಾರೆ. ಲೆಕ್ಕ ನೋಡಿ. ತಿಂಗಳಿಗೆ 22,000 ಬಾಡಿಗೆ, 75,000 ಡಿಪಾಸಿಟ್ ಎಂದುಕೊಳ್ಳಿ. ಹನ್ನೊಂದು ತಿಂಗಳ ಬಾಡಿಗೆ 2,42,000. ಡಿಪಾಸಿಟ್ ಮೇಲೆ ವರ್ಷಕ್ಕೆ ಶೇಕಡಾ 10 ಬಡ್ಡಿ ಎಂದು ಹಿಡಿದು 7,500 ಸೇರಿಸುತ್ತಾರೆ. ಒಟ್ಟಿನ ಮೇಲೆ ಸ್ಟ್ಯಾಂಪ್ ಡ್ಯೂಟಿ ಶೇಕಡಾ 0.25, ಅಂದರೆ ಸುಮಾರು 625 ರೂಪಾಯಿ. ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ ನೋಂದಣಿ ಶುಲ್ಕ 1,000. ಏಜೆಂಟನ ಕೂಲಿ ಬೇರೆ. ಆಧಾರ್ ಇಟ್ಟುಕೊಂಡು ಬೆರಳಚ್ಚು ಕೊಟ್ಟರೆ ಮನೆಯಲ್ಲೇ ಕುಳಿತು ಆನ್‌ಲೈನ್‌ನಲ್ಲಿ ಆಗುತ್ತದೆ. ಒಂದು ರೇಷ್ಮೆ ಸೀರೆಯ ಬ್ಲೌಸ್ ಹೊಲಿಸುವ ಖರ್ಚು ಮಾರಾಯ್ರೇ. ಪೊಲೀಸ್ ಸ್ಟೇಷನ್ನಿಗೆ ಬಾಡಿಗೆದಾರರ ಮಾಹಿತಿ ಕೊಡುವುದನ್ನೂ ಆಗಲೇ ಮುಗಿಸಿ.

ನಾಯಿಯ ಶರತ್ತುಗಳನ್ನು ಆ ನೋಂದಣಿಯಾಗುವ ಕರಾರಿನ ಒಳಗೇ ಬರೆಸಬೇಕು. ಬೇರೆ ಚೀಟಿಯಲ್ಲಿ ಬರೆದು ಕಪಾಟಿನಲ್ಲಿಟ್ಟರೆ, ವಾಟ್ಸ್ಯಾಪ್‌ನಲ್ಲಿ "ಓಕೆ ಆಂಟಿ" ಎಂದರೆ ಸಾಲದು. ಏಜೆಂಟರ ಹತ್ತಿರ ಸಿದ್ಧ ನಮೂನೆ ಇರುತ್ತದೆ, ಅದರಲ್ಲಿ ನಾಯಿಯ ಸುದ್ದಿ ಇರುವುದಿಲ್ಲ. ಹೆಚ್ಚುವರಿ ಶರತ್ತು ಸೇರಿಸು ಎಂದರೆ "ಏನೂ ಬೇಡ ಮೇಡಮ್" ಎನ್ನುತ್ತಾನೆ, ಅವನಿಗೆ ಬೇಗ ಮುಗಿಸಬೇಕು. ಬಿಡಬೇಡಿ.

ನಾನು ಏನು ಬರೆಸಿದೆ ಎಂದು ಹೇಳುತ್ತೇನೆ. ಮೊದಲ ಜೋಡಿ ಹೋದ ಮೇಲೆ ಮೂರು ವರ್ಷ "ನಾಯಿ ಇಲ್ಲದವರಿಗೆ ಮಾತ್ರ" ಎಂದೇ ಕೊಟ್ಟೆ. ಆಮೇಲೆ ಒಬ್ಬರು ಬಂದರು. ನಲವತ್ತು ದಾಟಿದ ಹೆಂಗಸು, ಜೊತೆಗೆ ವಯಸ್ಸಾದ ತಾಯಿ, ಒಂದು ಕಂದು ಬಣ್ಣದ ಊರುನಾಯಿ. ಅವರೇ ಮೊದಲು ಹೇಳಿದರು: "ನಾಯಿ ಉಂಟು. ಒಂಬತ್ತು ಮನೆ ನೋಡಿದೆ, ಎಲ್ಲರೂ ಬೇಡ ಅಂದರು. ಸುಳ್ಳು ಹೇಳಿ ಬರಲಿಕ್ಕೆ ನನಗೆ ಇಷ್ಟವಿಲ್ಲ." ನನಗೆ ಕಾಶೀಮೀರಾ ನೆನಪಾಯಿತು. ಆದರೂ ಕೂಡಲೇ ಹೂಂ ಅನ್ನಲಿಲ್ಲ. ನಾಯಿಯನ್ನು ನೋಡಬೇಕು ಎಂದೆ. ಮರುದಿನ ಅವರು ಆಗ ಇದ್ದ ಮನೆಗೇ ಹೋಗಿ ಒಂದು ಗಂಟೆ ಕುಳಿತೆ. ಇದನ್ನು ನೀವೂ ಮಾಡಿ. ನಾಯಿ ಹೇಗಿದೆ ಎನ್ನುವುದು ಆ ಮನೆಯ ಬಾಗಿಲಿನ ಕೆಳಭಾಗ, ಸೋಫಾದ ಕಾಲು, ಒಳಗೆ ಹೋದ ಕೂಡಲೇ ಬರುವ ವಾಸನೆ, ಪಕ್ಕದ ಮನೆಯವರ ಮುಖ ನೋಡಿದರೆ ತಿಳಿಯುತ್ತದೆ. ತಳಿ ನೋಡಿ ತೀರ್ಮಾನ ಮಾಡಬೇಡಿ. ಜಗತ್ತಿನಲ್ಲಿ ಎಲ್ಲರಿಗೂ ಬೇಕಾದ ಆ ಪುಟ್ಟ ಬಿಳಿ ನಾಯಿ ದಿನವಿಡೀ ಒಂಟಿಯಾಗಿದ್ದರೆ ಬಾಗಿಲು ಕೆರೆದು ಕೆರೆದು ಬೊಗಳುತ್ತದೆ. ಮನೆಯಲ್ಲಿ ಹಗಲು ಯಾರಾದರೂ ಇರುತ್ತಾರಾ ಎಂಬ ಪ್ರಶ್ನೆ ತಳಿಗಿಂತ ದೊಡ್ಡದು. ಇಲ್ಲಿ ತಾಯಿ ಇದ್ದರು, ನನಗೆ ಧೈರ್ಯ ಬಂತು.

ಕರಾರಿನಲ್ಲಿ ಆ ಒಂದೇ ನಾಯಿಗೆ ಒಪ್ಪಿಗೆ ಎಂದು ಬರೆಸಿದೆವು. ಬಣ್ಣ, ಅಂದಾಜು ವಯಸ್ಸು, ಹೆಣ್ಣು, ಆಪರೇಷನ್ ಆಗಿದೆ ಎಂದು ಸಹ. "ಸಾಕುಪ್ರಾಣಿಗೆ ಒಪ್ಪಿಗೆ" ಎಂದು ಮೊಗಮ್ ಬರೆದರೆ ನಾಳೆ ನಾಲ್ಕು ಬೆಕ್ಕು, ಎರಡು ಗಿಳಿ ಬಂದರೂ ಕೇಳುವಂತಿಲ್ಲ. ಮುಂಬಯಿ ಪಾಲಿಕೆಯ ವ್ಯಾಪ್ತಿಯಲ್ಲಿ ಸಾಕುನಾಯಿಗೆ ಪಾಲಿಕೆಯ ಲೈಸೆನ್ಸ್ ಬೇಕು, ಪ್ರತಿ ವರ್ಷ ನವೀಕರಿಸಬೇಕು. ಆ ಲೈಸೆನ್ಸಿನ ಮತ್ತು ರೇಬೀಸ್ ಲಸಿಕೆಯ ಕಾರ್ಡಿನ ಪ್ರತಿ ಪ್ರತಿವರ್ಷ ನನಗೆ ಕೊಡಬೇಕು ಎಂದು ಹಾಕಿದೆ. ಯಾರಿಗಾದರೂ ಕಚ್ಚಿದರೆ ಚಿಕಿತ್ಸೆಯ ಹೊಣೆ ಅವರದ್ದು. (ಹಾಗೇನಾದರೂ ಆದರೆ ಕರಾರು ಹುಡುಕುತ್ತ ಕೂರಬೇಡಿ. ಹದಿನೈದು ನಿಮಿಷ ಸೋಪು ನೀರಿನಲ್ಲಿ ಗಾಯ ತೊಳೆದು ನೇರ ಆಸ್ಪತ್ರೆಗೆ ಓಡಿ. ಅರಸಿನ, ಸುಣ್ಣ ಏನೂ ಹಚ್ಚಬೇಡಿ.)

ದುಡ್ಡಿನ ವಿಷಯ. ಅಮೆರಿಕದಲ್ಲಿರುವ ನನ್ನ ಮಗ ನಾಯಿಗೆಂದೇ ತಿಂಗಳು ತಿಂಗಳು ಬೇರೆ ಬಾಡಿಗೆ ಕೊಡುತ್ತಾನೆ. ಅದನ್ನು ಇಲ್ಲಿ ಮಾಡುವವರೂ ಶುರುವಾಗಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಹಾಳು ಮಾಡದ ನಾಯಿಗೂ ದಂಡ, ಹಾಳು ಮಾಡಿದ ನಾಯಿಗೂ ಅದೇ ದಂಡ ಎಂದಾಗುತ್ತದೆ. ನಾನು 60,000 ಡಿಪಾಸಿಟ್‌ಗೆ 15,000 ಸೇರಿಸಿ 75,000 ಮಾಡಿದೆ, ಎಲ್ಲವೂ ವಾಪಸು ಕೊಡಬೇಕಾದ ದುಡ್ಡು, ಹಾಳಾದದ್ದರ ಬಿಲ್ ತೋರಿಸಿ ಮಾತ್ರ ಕಡಿತ. ಆದರೆ ಕೀಲಿ ಕೊಡುವ ದಿನ ಇಬ್ಬರೂ ಜೊತೆಗೆ ನಿಂತು ಫೋಟೋ ತೆಗೆಯಬೇಕು. ಪ್ರತಿ ಬಾಗಿಲಿನ ಕೆಳಗಿನ ಎರಡು ಅಡಿ, ಸ್ಕರ್ಟಿಂಗ್, ಅಡುಗೆಮನೆಯ ಕಪಾಟಿನ ಮೂಲೆ, ಕಿಟಕಿಯ ಗ್ರಿಲ್, ಬಾತ್‌ರೂಮಿನ ನೀರು ಹೋಗುವ ಜಾಲರಿ. ನಾಯಿ ಹಾಳು ಮಾಡುವುದು ಅಲ್ಲಿಯೇ. ಕೂದಲು ಹೋಗಿ ಕಟ್ಟಿಕೊಂಡು ಕೆಳಗಿನ ಮನೆಗೆ ನೀರು ಸೋರಿತು ಎಂದರೆ ಬರುವ ಜಗಳ ನಿಮಗೆ ಗೊತ್ತೇ ಇದೆ.

ಈ ಫೋಟೋ ಎಷ್ಟು ಉಪಕಾರ ಮಾಡುತ್ತದೆ ಎಂದು ನನಗೇ ಪಾಠವಾಯಿತು. ಎರಡನೆಯ ವರ್ಷ ಮಳೆಗಾಲ ಕಳೆದು ಹೋಗಿ ನೋಡಿದಾಗ ಬೆಡ್‌ರೂಮಿನ ಗೋಡೆ ಅಡಿಯಿಂದ ಕಪ್ಪಾಗಿತ್ತು. ನಾಯಿಯದ್ದೇ ಕೆಲಸ, ಮೂತ್ರ ಹೊಯ್ದಿದೆ ಎಂದು ನಾನು ಸಿಟ್ಟಿನಲ್ಲಿ ಬಣ್ಣದ ಖರ್ಚು ಪೂರ್ತಿ ಅವರ ಮೇಲೆ ಹಾಕಿದೆ. ಅವರು ಏನೂ ವಾದ ಮಾಡದೆ ಫೋನ್ ತೆಗೆದು ಮೊದಲ ದಿನದ ಫೋಟೋ ತೋರಿಸಿದರು. ಅದೇ ಗೋಡೆ, ಅದೇ ಮೂಲೆ, ಅಷ್ಟೇ ಎತ್ತರಕ್ಕೆ ಸಣ್ಣ ಕಲೆ. ಹೊರಗಿನ ಗೋಡೆಯ ಸೋರಿಕೆ! ನಾನೇ ತೆಗೆಸಿದ ಫೋಟೋ ನನ್ನ ಬಾಯಿ ಮುಚ್ಚಿಸಿತು. ಕೊನೆಗೆ ಅವರಿಂದ ಪಡೆದದ್ದು ಬಾಲ್ಕನಿ ಬಾಗಿಲಿನ ಕೆಳಗೆ ಕಚ್ಚಿದ ಜಾಗಕ್ಕೆ ಬಡಗಿಗೆ ಕೊಟ್ಟ 1,800 ರೂಪಾಯಿ ಮಾತ್ರ.

ಸೊಸೈಟಿಯ ಕಥೆ ಇನ್ನೂ ಉಂಟು. ಅವರು ಬಂದ ಮರುವಾರವೇ "ನಾಯಿಗೆ ಲಿಫ್ಟ್ ಇಲ್ಲ" ಎಂದು ಬೋರ್ಡ್ ಬಂತು. ಎಂಬತ್ತು ವರ್ಷದ ತಾಯಿ, ವಯಸ್ಸಾದ ನಾಯಿ, ಐದನೆಯ ಮಾಳಿಗೆ. ಈ ಸಲ ನಾನು ಬಾಡಿಗೆದಾರರಿಗೆ ಫೋನ್ ಮಾಡಲಿಲ್ಲ. 2015ರ ಮಾರ್ಗಸೂಚಿಯ ಪ್ರಿಂಟ್ ತೆಗೆದು, ಒಂದು ಪತ್ರ ಬರೆದು, ಕಮಿಟಿಗೆ ಕೊಟ್ಟು ಪ್ರತಿಯ ಮೇಲೆ ಸಹಿ ತೆಗೆದುಕೊಂಡೆ. ಸೊಸೈಟಿಯ ಸದಸ್ಯೆ ನಾನು, ಬಾಡಿಗೆದಾರರಲ್ಲ. ಅವರ ಮಾತಿಗೆ ಅಲ್ಲಿ ಬೆಲೆ ಇರುವುದಿಲ್ಲ, ನನ್ನದಕ್ಕೆ ಸ್ವಲ್ಪವಾದರೂ ಇರುತ್ತದೆ. ಜೊತೆಗೆ ನಾನೇ ಒಂದು ಹೊಂದಾಣಿಕೆ ಸೂಚಿಸಿದೆ: ಬೆಳಿಗ್ಗೆ ಶಾಲೆಯ ಮಕ್ಕಳು ಇಳಿಯುವ ಹೊತ್ತು ಬಿಟ್ಟು ನಾಯಿ ಇಳಿಯಲಿ, ಲಿಫ್ಟಿನಲ್ಲಿ ಯಾರಾದರೂ ಹೆದರುವವರು ಇದ್ದರೆ ಇವರು ಮುಂದಿನದಕ್ಕೆ ಕಾಯಲಿ. ಹೆದರುವವರ ಹೆದರಿಕೆ ಸುಳ್ಳಲ್ಲ. ನನ್ನ ಅತ್ತಿಗೆಗೆ ಸಣ್ಣಂದಿನಲ್ಲಿ ಕಚ್ಚಿದೆ, ಇಂದಿಗೂ ನಾಯಿ ಕಂಡರೆ ಬೆವರುತ್ತಾಳೆ. ಬೋರ್ಡ್ ಒಂದು ದಿನ ತಾನಾಗಿಯೇ ಮಾಯವಾಯಿತು. ಎಲ್ಲರಿಗಿಂತ ಜೋರಾಗಿ ವಿರೋಧಿಸಿದ ಕಾಕೂ ಮನೆಯಲ್ಲಿ ಪ್ರತಿ ಗುರುವಾರ ದತ್ತನ ಪೂಜೆ. ಗಾಣಗಾಪುರದಿಂದ ತಂದ ಫೋಟೋ, ಪಾದದ ಬಳಿ ನಾಲ್ಕು ನಾಯಿ. ನಾನು ಏನೂ ಹೇಳಲಿಲ್ಲ, ಫೋಟೋವನ್ನು ಸ್ವಲ್ಪ ಹೊತ್ತು ನೋಡಿ ಕೈಮುಗಿದು ಬಂದೆ.

ನಾಯಿಯ ವಿಷಯದಲ್ಲಿ ಈ ಊರು ಜಗಳ ಆಡುವುದು ಇಂದು ನಿನ್ನೆಯದಲ್ಲ. 1832ರ ಜೂನ್‌ನಲ್ಲಿ ಕಂಪನಿ ಸರಕಾರ ಬೀದಿನಾಯಿಗಳನ್ನು ಕೊಲ್ಲಿಸತೊಡಗಿದಾಗ, ನಾಯಿಯನ್ನು ಪವಿತ್ರವೆಂದು ಭಾವಿಸುವ ಪಾರ್ಸಿಗಳು ಕೋಟೆ ಪ್ರದೇಶದಲ್ಲಿ ಅಂಗಡಿ ಮುಚ್ಚಿ ಗಲಾಟೆ ಎಬ್ಬಿಸಿದ್ದರು. ಪರೇಲ್‌ನ ಪ್ರಾಣಿಗಳ ಆಸ್ಪತ್ರೆಗೂ ಒಬ್ಬ ಪಾರ್ಸಿ ಹೆಂಗಸಿನ ಹೆಸರೇ, ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್.

ಈಗ ಕಹಿಯಾದ ಒಂದು ಮಾತು. ಕರಾರು ಮುರಿದರು, ಹೇಳದೆ ನಾಯಿ ತಂದರು ಎಂದಿಟ್ಟುಕೊಳ್ಳಿ. ಬೀಗ ಬದಲಿಸುವುದು, ನೀರು ಕರೆಂಟು ನಿಲ್ಲಿಸುವುದು ಮಾಡಬೇಡಿ, ಪೊಲೀಸ್ ಸ್ಟೇಷನ್ ಮೆಟ್ಟಿಲು ನೀವೇ ಹತ್ತಬೇಕಾಗುತ್ತದೆ. ಬರಹದಲ್ಲಿ ನೋಟಿಸು ಕೊಡಿ, ಕರಾರಿನಲ್ಲಿ ಬರೆದಷ್ಟು ದಿನ ಕೊಡಿ. ಅವಧಿ ಮುಗಿದ ಮೇಲೂ ಬಿಡದಿದ್ದರೆ ಅದೇ 1999ರ ಕಾಯ್ದೆಯ 24ನೆಯ ಕಲಮಿನಲ್ಲಿ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು, ಬಿಡದ ದಿನಗಳಿಗೆ ಎರಡು ಪಟ್ಟು ಬಾಡಿಗೆ ಕೇಳಬಹುದು. ಮತ್ತು ನೋಟಿಸಿನಲ್ಲಿ "ನಾಯಿಯನ್ನು ತೆಗೆಯಿರಿ" ಎಂದು ಮಾತ್ರ ಬರೆಯಬೇಡಿ. ನಾಯಿಯನ್ನು ಯಾರಿಗೆ ಒಪ್ಪಿಸಿದಿರಿ ಎಂದು ತಿಳಿಸಬೇಕು ಎಂದೂ ಬರೆಯಿರಿ. ಸಾಕಿದ ಪ್ರಾಣಿಯನ್ನು ಬೀದಿಗೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತೇ? ಹತ್ತರಿಂದ ಐವತ್ತು ರೂಪಾಯಿ. ಚೆಕ್ ನಾಕಾದಿಂದ ಕಾಶೀಮೀರಾಕ್ಕೆ ರಿಕ್ಷಾ ಬಾಡಿಗೆ ಅದಕ್ಕಿಂತ ಹೆಚ್ಚು. ಆ ಅಪರಾಧದಲ್ಲಿ ನನ್ನ ಹೆಸರು ಎಲ್ಲೂ ಬರುವುದಿಲ್ಲ. ಫೋನ್ ಮಾಡಿದ್ದು ಮಾತ್ರ ನಾನು.

ಅಕ್ಕಂದಿರಲ್ಲಿ ಒಬ್ಬರು ಚೀಟಿ ಕಳಿಸಿದ್ದಾರೆ: "ನಾಯಿ ಸತ್ತರೆ ಕರಾರು ಏನಾಗುತ್ತದೆ?" ಒಳ್ಳೆಯ ಪ್ರಶ್ನೆ, ನನಗೂ ಈಗ ಅದೇ ಬಂದಿದೆ. ಆ ನಾಯಿಗೆ ಹದಿಮೂರು ವರ್ಷ ದಾಟಿತು, ಹಿಂದಿನ ಕಾಲು ಏಳುವುದಿಲ್ಲ. ಕರಾರು ಒಂದೇ ನಾಯಿಗೆ ಆದ್ದರಿಂದ ಅದು ಹೋದರೆ ಆ ಶರತ್ತೂ ಹೋಯಿತು. ಹೊಸದು ತರಬೇಕಾದರೆ ಹೊಸದಾಗಿ ಕೇಳಬೇಕು. ಮುಂದಿನ ತಿಂಗಳು ನವೀಕರಣಕ್ಕೆ ಬರುತ್ತದೆ. ಮೊನ್ನೆ ಅವರ ತಾಯಿ ಫೋನ್ ಮಾಡಿ, "ಇದು ಹೋದ ಮೇಲೆ ಒಂದು ಮರಿ ತರಬಹುದೇ?" ಎಂದು ಕೇಳಿದರು. ಮರಿ ಎಂದರೆ ಬಾಗಿಲು, ಚಪ್ಪಲಿ, ಸ್ವಿಚ್ ಬೋರ್ಡಿನ ವಯರು ಏನನ್ನೂ ಬಿಡುವುದಿಲ್ಲ. ಯೋಚಿಸಿ ಹೇಳುತ್ತೇನೆ ಎಂದಿದ್ದೇನೆ. ಇನ್ನೂ ಯೋಚಿಸುತ್ತಿದ್ದೇನೆ.